ಚಿಕ್ಕ ಮಕ್ಕಳ ಮಾತು–ಓದಿಗೆ ಸರ್ಕಾರದ ಯಾವ ಹಣ ಒದಗೀತು? ಉತ್ತರ ಕನ್ನಡದ ಊರುಗಳಿಗೊಂದು ಹೋಲಿಕೆ

ಗ್ರಾಮಸಭೆಯಲ್ಲಿ ಕಾಲುಸಂಕ, ಕುಡಿಯುವ ನೀರು, ಬೀದಿದೀಪಗಳ ಚರ್ಚೆ ಮುಗಿದು ಜನ ಏಳುವ ಹೊತ್ತಿಗೆ ಯಾರೋ ಒಬ್ಬ ತಾಯಿ ಬಾಲವಾಡಿಯ ಮಕ್ಕಳಿಗೆ ನಾಲ್ಕು ಕಥೆಪುಸ್ತಕವಾದರೂ ಬೇಕು ಎಂದು ಕೇಳಿದರೆ, ಪಂಚಾಯತಿಯಿಂದ "ಅದು ಇಲಾಖೆಗೆ ಸೇರಿದ್ದು" ಎಂಬ ಉತ್ತರವೂ, ಇಲಾಖೆಯಿಂದ "ಅನುದಾನ ಬಂದಾಗ ನೋಡೋಣ" ಎಂಬ ಉತ್ತರವೂ ಬರುವುದು ನಮ್ಮ ಜಿಲ್ಲೆಯಲ್ಲಿ ಅಪರೂಪವಲ್ಲ. ಎರಡೂ ಉತ್ತರಗಳು ಅರ್ಧ ಮಾತ್ರ ಸರಿ. ಆರು ವರ್ಷದೊಳಗಿನ ಮಕ್ಕಳ ಮಾತು, ಕಥೆ, ಓದಿಗೆ ಬಳಸಬಹುದಾದ ಸರ್ಕಾರಿ ಹಣ ಒಂದೇ ಕಡೆ ಇಲ್ಲ. ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಶಿಕ್ಷಣ ಇಲಾಖೆ, ಗ್ರಾಮ ಪಂಚಾಯತಿ ಮತ್ತು ಶಾಸಕರು–ಸಂಸದರ ನಿಧಿಗಳಲ್ಲಿ ಹಂಚಿಹೋಗಿದೆ. ಇವುಗಳಲ್ಲಿ ಯಾವುದನ್ನು ಯಾವ ಕೆಲಸಕ್ಕೆ ಕೇಳಬೇಕು, ಯಾವುದನ್ನು ನೆಚ್ಚಿಕೊಳ್ಳಬಾರದು ಎಂಬುದನ್ನು ಬಾಲವಿಕಾಸ ಸಮಿತಿಯ (ಅಂಗನವಾಡಿಯನ್ನು ನೋಡಿಕೊಳ್ಳುವ ಊರಿನ ಸಮಿತಿ) ತಾಯಂದಿರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ಪಂಚಾಯತಿ ಸದಸ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆದಿದ್ದೇನೆ. ಘಟ್ಟದ ಕೆಳಗೂ ಘಟ್ಟದ ಮೇಲೂ ಕನ್ನಡ ಶಾಲೆಗಳಲ್ಲಿ ಬಹುಕಾಲ ಕಲಿಸಿದವನಾಗಿ ಈ ವಿಷಯದಲ್ಲಿ ನನಗೆ ಒಂದು ಖಚಿತ ಅಭಿಪ್ರಾಯವಿದೆ, ಅದನ್ನು ಮರೆಮಾಚುವುದಿಲ್ಲ.

ಹಣ ಹೀಗೆ ಚದುರಿರುವುದಕ್ಕೆ ಕಾರಣ ಕಾನೂನಿನಲ್ಲೇ ಇದೆ. 2002ರ 86ನೇ ತಿದ್ದುಪಡಿಯು 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು 21ಎ ವಿಧಿಯ ಮೂಲಕ ಮೂಲಭೂತ ಹಕ್ಕನ್ನಾಗಿ ಮಾಡಿತು. ಆರು ತುಂಬದ ಮಕ್ಕಳನ್ನು ಮಾತ್ರ 45ನೇ ವಿಧಿಯಲ್ಲಿ, ಅಂದರೆ ರಾಜ್ಯವು ಪ್ರಯತ್ನಿಸಬೇಕಾದ ಸಂಗತಿಗಳ ಸಾಲಿನಲ್ಲಿ ಉಳಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಕೂಡ ಮೂರರಿಂದ ಆರು ವರ್ಷದವರಿಗೆ ಸರ್ಕಾರವು ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ "ಮಾಡಬಹುದು" ಎನ್ನುತ್ತದೆಯೇ ಹೊರತು "ಮಾಡತಕ್ಕದ್ದು" ಎನ್ನುವುದಿಲ್ಲ. ಹಕ್ಕಿನ ಬಲವಿಲ್ಲದ ಕಡೆ ಹಣವನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಮೊದಲು ಕೊರತೆ ಯಾವುದೆಂದು ನೋಡಿ

ಕಾರವಾರದ ಕಡಲಂಚಿನ ಒಂದು ಅಂಗನವಾಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ತಪಾಸಣೆಗೆ ಬಂದವರು ನಾಲ್ಕು ವರ್ಷದ ಹುಡುಗಿಯ ಮುಂದೆ ಬೆಕ್ಕಿನ ಚಿತ್ರಪಟ ಹಿಡಿದು ಇದೇನೆಂದು ಕೇಳಿದರು. ಮಗು ತಡಮಾಡದೆ "ಮಾಜರ" ಎಂದಿತು. ಕೊಂಕಣಿಯಲ್ಲಿ ಬೆಕ್ಕಿಗೆ ಅದೇ ಹೆಸರು. ಕೇಳಿದವರಿಗೆ ಆ ಭಾಷೆ ಬಾರದು. ಹಾಳೆಯಲ್ಲಿ ಉತ್ತರ ತಪ್ಪೆಂದು ದಾಖಲಾಯಿತು. ಮುಂದಿನ ಎರಡು ಚಿತ್ರಗಳಿಗೆ ಮಗು ಬಾಯಿ ತೆರೆಯಲಿಲ್ಲ. ಅದೇ ಮಗು ಅದಕ್ಕೆ ಅರ್ಧ ಗಂಟೆ ಮೊದಲು ಮೀನುಗಳಲ್ಲಿ ಬಾಂಗಡೆ ಯಾವುದು, ತಾರ್ಲೆ ಯಾವುದು, ಅವ್ವ ಬುಟ್ಟಿಯಲ್ಲಿ ಯಾವುದನ್ನು ಮೇಲಿಡುತ್ತಾಳೆ ಎಂದು ಸಹಾಯಕಿಗೆ ಬಿಡಿಸಿ ಹೇಳಿತ್ತು. ಆ ಅಂಗನವಾಡಿಯಲ್ಲಿ ಚಿತ್ರಪಟಗಳಿಗೆ ಕೊರತೆ ಇರಲಿಲ್ಲ. ಮಗುವಿನ ಮಾತನ್ನು ಮಗುವಿನ ನುಡಿಯಲ್ಲೇ ಕೇಳಿಸಿಕೊಂಡು, ಅಲ್ಲಿಂದ ಕನ್ನಡಕ್ಕೆ ಕೈಹಿಡಿದು ಕರೆತರುವ ಹಿರಿಯರೊಬ್ಬರಿಗೆ ಪುರುಸೊತ್ತು ಇರಲಿಲ್ಲ. ಕೊರತೆ ಇದ್ದದ್ದು ಅದೊಂದೇ.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಜೋಯಿಡಾದ ಕುಣಬಿಗಳ ಕೊಂಕಣಿ, ಹಳಿಯಾಳದ ಮರಾಠಿ, ಯಲ್ಲಾಪುರ–ಮುಂಡಗೋಡದ ಸಿದ್ದಿ ಕೇರಿಗಳಲ್ಲಿ ಕೊಂಕಣಿ, ಮರಾಠಿ, ಕನ್ನಡ ಬೆರೆತ ನುಡಿ. ಕನ್ನಡದ ಮನೆಗಳಲ್ಲೂ ಪುಸ್ತಕದ ಕನ್ನಡವೇ ಇರುತ್ತದೆ ಎನ್ನುವಂತಿಲ್ಲ: ಶಿರಸಿ–ಸಿದ್ದಾಪುರದ ಹವ್ಯಕರ ಮನೆಯಲ್ಲಿ ಕೂಸು ಎಂದರೆ ಹೆಣ್ಣುಮಗು, ಗಂಡಾದರೆ ಅದು ಮಾಣಿ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪದಲ್ಲಿ, ಅಂದರೆ ಕೇರಿಯಲ್ಲಿ, ಮಗು ಆಡುವ ಕನ್ನಡದ ಧಾಟಿಯೇ ಬೇರೆ. ಆದ್ದರಿಂದ ಯಾವ ನಿಧಿಯನ್ನು ಕೇಳುವ ಮೊದಲೂ ನಿಮ್ಮ ಮಕ್ಕಳಿಗೆ ಬೇಕಾದದ್ದು ಸಾಮಾನೋ ಜನವೋ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಸರ್ಕಾರದ ಬಹುತೇಕ ಹಣ ಸಾಮಾನು ಕೊಳ್ಳಲು ಸುಲಭವಾಗಿ ಸಿಗುತ್ತದೆ. ಜನರ ಸಮಯಕ್ಕೆ ಸಿಗುವುದು ಕಷ್ಟ. ಮಗು ಮಾತು ಕಲಿಯುವುದಾದರೋ ಜನರಿಂದ. ಮುಂದಿನ ಹೋಲಿಕೆಯನ್ನೆಲ್ಲ ನಾನು ಈ ಅಳತೆಗೋಲಿನಿಂದಲೇ ಮಾಡಿದ್ದೇನೆ.

ಅಂಗನವಾಡಿಯ ಹಣ

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ನಮ್ಮ ರಾಜ್ಯದ ಟಿ. ನರಸೀಪುರವೂ ಒಂದಾಗಿತ್ತು. ಇಂದು ಆ ಯೋಜನೆ ಸಕ್ಷಮ ಅಂಗನವಾಡಿ ಮತ್ತು ಪೋಷಣ್ 2.0 ಎಂಬ ಹೆಸರಿನಲ್ಲಿ ನಡೆಯುತ್ತಿದ್ದು, ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳು 60:40ರಂತೆಯೂ, ಪೂರಕ ಆಹಾರದ ವೆಚ್ಚವನ್ನು 50:50ರಂತೆಯೂ ಹಂಚಿಕೊಳ್ಳುತ್ತವೆ. 2023ರಲ್ಲಿ ಬಂದ "ಪೋಷಣ್ ಭೀ ಪಢಾಯಿ ಭೀ" ಕಾರ್ಯಕ್ರಮವು ದಿನಕ್ಕೆ ಕನಿಷ್ಠ ಎರಡು ಗಂಟೆ ಶಾಲಾಪೂರ್ವ ಶಿಕ್ಷಣ ನಡೆಯಬೇಕೆನ್ನುತ್ತದೆ; 2024ರ ಮಾರ್ಚ್‌ನಲ್ಲಿ ಮೂರು ವರ್ಷದೊಳಗಿನವರಿಗೆ "ನವಚೇತನ", ಮೂರರಿಂದ ಆರು ವರ್ಷದವರಿಗೆ "ಆಧಾರಶಿಲಾ" ಎಂಬ ಪಠ್ಯಕ್ರಮಗಳು ಹೊರಬಂದಿವೆ. ರಾಜ್ಯದ "ಚಿಲಿಪಿಲಿ" ಪುಸ್ತಕಗಳು ಅದಕ್ಕೂ ಮೊದಲೇ ನಮ್ಮ ಕೇಂದ್ರಗಳಲ್ಲಿ ಬಳಕೆಯಲ್ಲಿದ್ದವು.

ಈ ಹಣದ ದೊಡ್ಡ ಗುಣವೆಂದರೆ ಅದು ಒಬ್ಬ ವ್ಯಕ್ತಿಯನ್ನು ಮಗುವಿನ ಮನೆಯ ಹತ್ತಿರವೇ ಇರಿಸುತ್ತದೆ. ಸಾಮಾನ್ಯವಾಗಿ 400ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ, 150ರಷ್ಟು ಜನರಿರುವ ಕೇರಿಗೂ ಮಿನಿ ಅಂಗನವಾಡಿ ಎಂಬ ಮಾನದಂಡದಂತೆ ಕೇಂದ್ರಗಳು ತೆರೆದಿರುವುದರಿಂದ, ಮನೆಗಳು ಕಾಡಿನ ನಡುವೆ ಹರಿದು ಹಂಚಿಹೋದ ಜೋಯಿಡಾದಂಥ ತಾಲೂಕಿನಲ್ಲಿ ಮೂರು ವರ್ಷದ ಮಗುವಿನ ನಡಿಗೆಗೆ ಎಟುಕುವ ಸರ್ಕಾರಿ ವ್ಯವಸ್ಥೆ ಇದೊಂದೇ. ಅಕ್ಕೋರು ಎಂದು ನಾವು ಕರೆಯುವ ಕಾರ್ಯಕರ್ತೆಯೂ ಸಹಾಯಕಿಯೂ ಬಹುಮಟ್ಟಿಗೆ ಅದೇ ಊರಿನವರಾಗಿರುವುದರಿಂದ ಮಗುವಿನ ಮನೆಮಾತು ಅವರಿಗೆ ತಿಳಿದಿರುತ್ತದೆ. ಎಷ್ಟು ದುಡ್ಡು ಸುರಿದರೂ ಹೊರಗಿನಿಂದ ತರಲಾಗದ ಅರ್ಹತೆ ಇದು.

ಆದರೆ ಆ ವ್ಯಕ್ತಿಯ ಸಮಯ ಎಲ್ಲಿ ಹೋಗುತ್ತದೆ? ಊಟ–ಮೊಟ್ಟೆಯ ಲೆಕ್ಕ, ತೂಕ–ಎತ್ತರದ ಅಳತೆ, ಮೊಬೈಲಿನ ಪೋಷಣ್ ಟ್ರ್ಯಾಕರ್‌ನಲ್ಲಿ ದಾಖಲು, ಮನೆಭೇಟಿ, ಚುಚ್ಚುಮದ್ದಿನ ದಿನ, ಜೊತೆಗೆ ಆಗಾಗ ಬರುವ ಸಮೀಕ್ಷೆಗಳು. ನೆಟ್‌ವರ್ಕ್ ಸಿಗದ ಊರಲ್ಲಿ ದಿಬ್ಬ ಹತ್ತಿ ಫೋನು ಹಿಡಿದು ನಿಲ್ಲುವ ಅಕ್ಕೋರನ್ನು ಘಟ್ಟದ ಮೇಲಿನವರೆಲ್ಲರೂ ಕಂಡಿದ್ದಾರೆ. ಕೇಂದ್ರವು 2018ರ ಅಕ್ಟೋಬರ್‌ನಲ್ಲಿ ಕಾರ್ಯಕರ್ತೆಯ ಗೌರವಧನದಲ್ಲಿ ತನ್ನ ಲೆಕ್ಕವನ್ನು ತಿಂಗಳಿಗೆ 3,000 ರೂಪಾಯಿಯಿಂದ 4,500ಕ್ಕೆ ಏರಿಸಿತು. ಅದರ ಮೇಲಿನದನ್ನು ರಾಜ್ಯ ಸೇರಿಸುತ್ತದೆ. ಇಷ್ಟು ಕೆಲಸಕ್ಕೆ ಈ ಹಣ ಕಡಿಮೆ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಹೀಗಿರುವಾಗ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಬಾಲವಿಕಾಸ ಸಮಿತಿಯು ಬರೆಯಬೇಕಾದ ಅರ್ಜಿಯಲ್ಲಿ ಇನ್ನೊಂದು ಕಿಟ್‌ಗಿಂತ ಮೊದಲು ಇರಬೇಕಾದ ಬೇಡಿಕೆ ಬೆಳಗಿನ ಎರಡು ಗಂಟೆಯದು: ಆ ಹೊತ್ತಿನಲ್ಲಿ ಸಭೆ, ದಾಖಲು, ಫೋನಿನ ಕೆಲಸಗಳಿಗೆ ಅಕ್ಕೋರನ್ನು ಕರೆಯಬಾರದು, ಸಹಾಯಕಿಯ ಹುದ್ದೆ ಖಾಲಿಯಿದ್ದರೆ ಬೇಗ ತುಂಬಬೇಕು. ಈ ಬೇಡಿಕೆಗೆ ಹೊಸ ಅನುದಾನದ ಶೀರ್ಷಿಕೆಯೇ ಬೇಕಿಲ್ಲ.

ಶಾಲೆಯ ಮೂಲಕ ಬರುವ ಹಣ

ಸಮಗ್ರ ಶಿಕ್ಷಣ ಯೋಜನೆಯ 2021–26ರ ಹಂತದಲ್ಲಿ ಚಿಕ್ಕ ಮಕ್ಕಳ ಓದಿಗೆ ಸ್ಪಷ್ಟವಾದ ಲೆಕ್ಕಗಳು ನಿಗದಿಯಾದವು. ಸರ್ಕಾರಿ ಶಾಲೆಯ ಆವರಣದಲ್ಲಿ ಪೂರ್ವ ಪ್ರಾಥಮಿಕ ತರಗತಿ ಇದ್ದರೆ ಕಲಿಕಾ ಸಾಮಗ್ರಿಗೆ ಮಗುವಿಗೆ ವರ್ಷಕ್ಕೆ ಗರಿಷ್ಠ 500 ರೂಪಾಯಿ. 2021ರ ಜುಲೈ 5ರಂದು ಆರಂಭವಾದ, ಮೂರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಓದು–ಲೆಕ್ಕದ ಬುನಾದಿ ಹಾಕುವ ಗುರಿಯ ನಿಪುಣ್ ಭಾರತ್‌ನಲ್ಲಿಯೂ ಸಾಮಗ್ರಿಗೆ ಮಗುವಿಗೆ ಗರಿಷ್ಠ 500, ಕೈಪಿಡಿಗಳಿಗೆ ಶಿಕ್ಷಕರಿಗೆ ತಲಾ 150, ಮೌಲ್ಯಮಾಪನಕ್ಕೆ ಜಿಲ್ಲೆಗೆ 10ರಿಂದ 20 ಲಕ್ಷ ರೂಪಾಯಿ. ಶಾಲಾ ಗ್ರಂಥಾಲಯಕ್ಕೆ ಶಾಲೆಯ ಹಂತಕ್ಕೆ ಅನುಗುಣವಾಗಿ 5,000ದಿಂದ 20,000 ರೂಪಾಯಿ. ಒಂದರಿಂದ ಮೂರನೆಯ ತರಗತಿಯವರೆಗೆ 24 ಮಕ್ಕಳಿರುವ ಶಾಲೆಯಾದರೆ ಸಾಮಗ್ರಿಯ ಲೆಕ್ಕ ಹೆಚ್ಚೆಂದರೆ 12,000 ರೂಪಾಯಿ ಎಂದಾಯಿತು. ಎಲ್ಲವೂ "ಗರಿಷ್ಠ" ಎಂಬುದನ್ನು ಮರೆಯಬಾರದು.

ಈ ದಾರಿಯ ಬಲವಿರುವುದು ತರಬೇತಿ ಪಡೆದ ಶಿಕ್ಷಕರಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ಮುಂದೆ ರಾಜ್ಯವೆಲ್ಲ ಹರಡಿದ ನಲಿ–ಕಲಿ ಪದ್ಧತಿಯು ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳನ್ನು ಕೂರಿಸಿ, ಅವರವರ ವೇಗಕ್ಕೆ ತಕ್ಕಂತೆ ಕಲಿಸುವುದನ್ನು ನಮ್ಮ ಸಣ್ಣ ಶಾಲೆಗಳಿಗೆ ಕಲಿಸಿಕೊಟ್ಟಿದೆ. ಆದರೆ ಮೂರು–ನಾಲ್ಕು ವರ್ಷದವರ ವಿಷಯದಲ್ಲಿ ನನಗೆ ಎರಡು ಆತಂಕಗಳಿವೆ. ಮೊದಲನೆಯದು ದೂರ, ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗಬೇಕಾದ ಮಗು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧದಷ್ಟು ದಿನ ಮನೆಯಲ್ಲೇ ಉಳಿಯುತ್ತದೆ. ಎರಡನೆಯದು ಭಾಷೆ, ಎಲ್‌ಕೆಜಿ ಎಂಬ ಹೆಸರು ಬಂದ ಕೂಡಲೇ ಪಾಲಕರೂ ಶಾಲೆಯವರೂ ಇಂಗ್ಲಿಷ್ ಪದ್ಯ, ಇಂಗ್ಲಿಷ್ ಅಕ್ಷರಗಳತ್ತ ಓಡುತ್ತಾರೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಹಲಗೆಯ ಮೇಲೆ ಇಂಗ್ಲಿಷ್ ಎಂದಾದರೆ ನಾಲ್ಕು ವರ್ಷದ ಮಗು ಯಾವುದರಲ್ಲಿ ಪ್ರಶ್ನೆ ಕೇಳಬೇಕು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟೂ ಈ ವಯಸ್ಸಿಗೆ ಮನೆಮಾತನ್ನೇ ಮುಂದಿಟ್ಟಿವೆ. ನೀತಿಯ ಉಳಿದ ವಿಷಯಗಳಲ್ಲಿ ಯಾರಿಗೆ ಯಾವ ತಕರಾರಿದ್ದರೂ ಈ ಮಾತನ್ನು ಒಪ್ಪಲೇಬೇಕು.

ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆಯುವುದರ ವಿರುದ್ಧ 2024ರ ಜೂನ್‌ನಲ್ಲಿ ರಾಜ್ಯದ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದದ್ದು ತಮ್ಮ ಕೆಲಸದ ಚಿಂತೆಯಿಂದ ಮಾತ್ರವಲ್ಲ. ಒಂದೇ ಊರಿನ ಹದಿನೈದು ಮಕ್ಕಳನ್ನು ಎರಡು ಇಲಾಖೆಗಳು ಹಂಚಿಕೊಂಡರೆ ಎರಡೂ ಕಡೆ ಮಾತಿಗೆ ಜೊತೆ ಸಾಲದಾಗುತ್ತದೆ. ಅಂಗನವಾಡಿಯೂ ಶಾಲೆಯೂ ಒಂದೇ ಅಂಗಳದಲ್ಲಿದ್ದರೆ ಶಾಲೆಯ ಹಣವನ್ನು ಧಾರಾಳವಾಗಿ ಕೇಳಿ, ಸಾಮಗ್ರಿಯನ್ನು ಹಂಚಿಕೊಳ್ಳಿ. ಅಂತರವಿದ್ದರೆ ಐದು ತುಂಬದ ಮಗುವನ್ನು ಶಾಲೆಗೆ ಎಳೆಯಬೇಡಿ ಎಂಬುದು ನನ್ನ ಸಲಹೆ.

ನಾನು ಕಲಿಸಿದ ಶಾಲೆಯೊಂದಕ್ಕೆ ಒಮ್ಮೆ ಗ್ರಂಥಾಲಯದ ಅನುದಾನ ಮಾರ್ಚ್ ಕೊನೆಯ ವಾರದಲ್ಲಿ ಬಂತು. ತಿಂಗಳು ಮುಗಿಯುವುದರೊಳಗೆ ಖರ್ಚು ತೋರಿಸಬೇಕಿತ್ತು. ಆರಿಸುವ ವ್ಯವಧಾನವಿಲ್ಲದೆ ಸಿಕ್ಕ ಪುಸ್ತಕಗಳನ್ನು ಕೊಂಡು, ಏಪ್ರಿಲ್ ರಜೆಗೆ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ತಪಾಸಣೆಯಲ್ಲಿ ಒಂದು ಪುಸ್ತಕ ಕಡಿಮೆಯಾದರೂ ಯಾರು ಉತ್ತರಿಸುವುದು ಎಂಬ ಭಯದಿಂದ ಜೂನ್‌ನಲ್ಲೂ ಬೀಗ ತೆಗೆಯಲಿಲ್ಲ. ಗಣೇಶ ಚೌತಿಯ ಹೊತ್ತಿಗೆ ತೆರೆದಾಗ ಹಾಳೆಗಳು ಒಂದಕ್ಕೊಂದು ಅಂಟಿ, ರಟ್ಟಿನ ಮೇಲೆ ಬೂಷ್ಟು ಹಿಡಿದು, ಕಪಾಟಿನ ತುಂಬ ಹಸಿ ಮಣ್ಣಿನ ವಾಸನೆಯಿತ್ತು. ಮಕ್ಕಳ ಕೈಯಲ್ಲಿ ಹರಿದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಪಂಚಾಯತಿಯ ಹಣ

ಎಲ್ಲಕ್ಕಿಂತ ಚಿಕ್ಕ ಮೊತ್ತವಾದರೂ ಎಲ್ಲಕ್ಕಿಂತ ಹೆಚ್ಚು ಸ್ವಾತಂತ್ರ್ಯವಿರುವುದು ಇಲ್ಲಿ. ಆದ್ದರಿಂದಲೇ ನಾನು ಇದರ ಪರ. ನಿಮ್ಮ ಮನೆ ಕಂದಾಯದ ರಸೀದಿಯನ್ನು ತೆಗೆದು ನೋಡಿ. ಆರೋಗ್ಯ ಕರ ಶೇ. 15, ಶಿಕ್ಷಣ ಕರ ಶೇ. 10, ಭಿಕ್ಷುಕರ ಕರ ಶೇ. 3ರ ಜೊತೆಗೆ ಗ್ರಂಥಾಲಯ ಕರ ಶೇ. 6 ಎಂಬ ಸಾಲೊಂದಿರುತ್ತದೆ. ವರ್ಷಕ್ಕೆ 5 ಲಕ್ಷ ರೂಪಾಯಿ ಕಂದಾಯ ಪೂರ್ತಿ ವಸೂಲಾಗುವ ಪಂಚಾಯತಿಯಲ್ಲಿ ಗ್ರಂಥಾಲಯ ಕರವೇ 30,000 ರೂಪಾಯಿ ಆಯಿತು. 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದು ಇಂದು ಅರಿವು ಕೇಂದ್ರಗಳಾಗಿವೆ. 2020ರ ನವೆಂಬರ್‌ನಲ್ಲಿ ಆರಂಭವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವೂ ಸಿಕ್ಕಿತು. ಆದರೆ ಅರಿವು ಕೇಂದ್ರದ ಕಪಾಟುಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಇರುವ ಜಾಗ ನಾಲ್ಕು ವರ್ಷದವರ ಚಿತ್ರಪುಸ್ತಕಕ್ಕೆ ಇರುವುದಿಲ್ಲ. ವಸೂಲಾದ ಗ್ರಂಥಾಲಯ ಕರ ಎಷ್ಟು, ಅದರಲ್ಲಿ ಆರು ವರ್ಷದೊಳಗಿನವರ ಪುಸ್ತಕಕ್ಕೆ ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಿ.

ಪಂಚಾಯತಿಯ ಸ್ವಂತ ಸಂಪನ್ಮೂಲದಲ್ಲಿ ಅಂಗವಿಕಲರಿಗೆಂದು ಮೀಸಲಿಡುವ ಶೇ. 5ರ ಹಣವನ್ನೂ ಮಾತಿನ ಕಣ್ಣಿನಿಂದ ನೋಡಬೇಕು. ಕಿವಿ ಸರಿಯಾಗಿ ಕೇಳಿಸದ ಮಗುವನ್ನು ನಮ್ಮಲ್ಲಿ "ತಡವಾಗಿ ಮಾತು ಬರುತ್ತದೆ" ಎಂದು ಸುಮ್ಮನೆ ಬಿಡುವುದುಂಟು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಶ್ರವಣದೋಷ, ಮಾತಿನ ವಿಳಂಬಗಳನ್ನೂ ಗುರುತಿಸಬೇಕು. ಗುರುತಿಸಿದ ಮೇಲೆ ತಾಯಿ ಕೂಲಿ ಬಿಟ್ಟು ಮಗುವನ್ನು ಕಾರವಾರದ ಆಸ್ಪತ್ರೆಗೆ ಮತ್ತೆ ಮತ್ತೆ ಕರೆದೊಯ್ಯುವ ಬಸ್ಸಿನ ಖರ್ಚೇ ಚಿಕಿತ್ಸೆಯನ್ನು ನಿಲ್ಲಿಸುತ್ತದೆ. ಮುಂಡಗೋಡದಿಂದ ಕಾರವಾರಕ್ಕೆ ಹೋಗಿಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಶೇ. 5ರಲ್ಲಿ ಇದಕ್ಕೆ ಅವಕಾಶ ಮಾಡಿಕೊಡಿ ಎಂದು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಲಿಖಿತವಾಗಿ ಕೇಳಬೇಕು.

ಹಣಕಾಸು ಆಯೋಗದ ಅನುದಾನದ ಮೇಲೆ ಅತಿಯಾದ ಭರವಸೆ ಬೇಡ. 2021–26ರ 15ನೇ ಹಣಕಾಸು ಆಯೋಗದ ಹಣದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುನಿಟ್ಟಾಗಿ ಬದ್ಧವಾಗಿತ್ತು, ಉಳಿದ ಶೇ. 40ನ್ನು ಊರಿನ ಅಗತ್ಯಕ್ಕೆ ಬಳಸಬಹುದಾದರೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಎಂದರೆ ಕಪಾಟು, ಚಾಪೆ, ವಿದ್ಯುತ್ ದುರಸ್ತಿಗೆ ಆದೀತು. ಕಥೆ ಹೇಳುವ ಅಜ್ಜಿಗೆ ಗೌರವಧನ ಕೊಡಲು ಆಗದು. ಅದಕ್ಕೆ ಸ್ವಂತ ಸಂಪನ್ಮೂಲವೇ ಬೇಕು.

ಅಜ್ಜಿ ಎಂದದ್ದು ಮಾತಿನ ಅಲಂಕಾರಕ್ಕಲ್ಲ. 2017ರಲ್ಲಿ ಪದ್ಮಶ್ರೀ ಪಡೆದು 2025ರ ಫೆಬ್ರುವರಿಯಲ್ಲಿ ತೀರಿಕೊಂಡ ಅಂಕೋಲೆಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲೇ ಹೊತ್ತು ನಡೆದವರು. ಅಷ್ಟು ದೊಡ್ಡ ಹೆಸರಿಲ್ಲದಿದ್ದರೂ ಹತ್ತು ಹಾಡು, ಐದು ಕಥೆ, ಇಪ್ಪತ್ತು ಒಗಟು ಬಲ್ಲ ಹಿರಿಯರು ಪ್ರತಿ ಕೊಪ್ಪದಲ್ಲೂ ಇದ್ದಾರೆ. ವಾರಕ್ಕೆ ಎರಡು ಬೆಳಗು ಅಂಗನವಾಡಿಗೆ ಬಂದು ಮಗುವಿನ ಮನೆಮಾತಿನಲ್ಲಿ ಕಥೆ ಹೇಳಿದವರಿಗೆ ಪಂಚಾಯತಿ ಪ್ರತಿ ಸಲ ಸಣ್ಣ ಗೌರವಧನ ಕೊಟ್ಟರೆ, ಯಾವ ಇಲಾಖೆಯ ಯಾವ ಕಿಟ್ಟೂ ಕೊಡಲಾಗದ್ದನ್ನು ಆ ಮಕ್ಕಳು ಪಡೆಯುತ್ತಾರೆ. ಅಕ್ಕೋರು ಅದೇ ಕಥೆಯನ್ನು ಮರುದಿನ ಕನ್ನಡದಲ್ಲಿ ಹೇಳಲಿ. ಮಾಜರದಿಂದ ಬೆಕ್ಕಿಗೆ ಬರುವ ದಾರಿ ಹೀಗೆ.

2023ರಲ್ಲಿ ಉದ್ಯೋಗ ಖಾತರಿಯ ಕೂಲಿಕಾರ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ರಾಜ್ಯ ಆರಂಭಿಸಿದ "ಕೂಸಿನ ಮನೆ" ಶಿಶುಪಾಲನಾ ಕೇಂದ್ರ ನಿಮ್ಮ ಪಂಚಾಯತಿಯಲ್ಲಿದ್ದರೆ ಈ ಕಥೆಯ ಬೆಳಗುಗಳನ್ನು ಅಲ್ಲಿಗೂ ವಿಸ್ತರಿಸಿ. ಮಾತಿನ ಬೇರು ಇಳಿಯುವುದು ಆ ವಯಸ್ಸಿನಲ್ಲೇ.

ಶಾಸಕರ, ಸಂಸದರ ನಿಧಿ

ಕ್ಷೇತ್ರಕ್ಕೆ ವರ್ಷಕ್ಕೆ ಶಾಸಕರಿಗೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿ ಇರುತ್ತದೆ. ಈ ನಿಧಿಗಳ ಒಲವು ಬಾಳಿಕೆ ಬರುವ ಆಸ್ತಿಗಳ ಕಡೆಗೆ. ಅಂಗನವಾಡಿಯ ಹಂಚು ಸೋರಿ ಮಕ್ಕಳು ಮೂಲೆಯಲ್ಲಿ ಮುದುಡಿ ಕೂರುವಂತಿದ್ದರೆ ಈ ನಿಧಿಯನ್ನೇ ಮೊದಲು ಕೇಳಬೇಕು. ಬೇರೆ ಯಾವುದಕ್ಕೂ ಇದನ್ನು ಕಾಯುವುದರಲ್ಲಿ ಅರ್ಥವಿಲ್ಲ.

ಯಾವ ಊರಿಗೆ ಯಾವುದು

ಕಾರವಾರ, ಶಿರಸಿ, ದಾಂಡೇಲಿಯಂಥ ಪಟ್ಟಣಗಳಲ್ಲಿ ಶಾಲೆ ಹತ್ತಿರವಿರುವುದರಿಂದ ಸಮಗ್ರ ಶಿಕ್ಷಣದ ಹಣ ಉಪಯುಕ್ತ. ಅಲ್ಲಿ ಎಸ್‌ಡಿಎಂಸಿ ಮತ್ತು ಬಾಲವಿಕಾಸ ಸಮಿತಿ ಒಟ್ಟಾಗಿ ಕುಳಿತು ಒಂದೇ ಸಾಮಗ್ರಿಯನ್ನು ಎರಡು ಸಲ ಕೊಳ್ಳದಂತೆ ನೋಡಿಕೊಂಡರೆ ಸಾಕು. ಅಂಕೋಲೆ, ಕುಮಟೆ, ಹೊನ್ನಾವರದ ಕರಾವಳಿಯಲ್ಲಿ ಅಂಗನವಾಡಿಯ ಎರಡು ಗಂಟೆ ಮತ್ತು ಪಂಚಾಯತಿಯ ಗೌರವಧನ ಸೇರಿದರೆ ಒಳ್ಳೆಯ ಜೋಡಿ. ಜೋಯಿಡಾ, ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಕೇರಿಯ ಸಣ್ಣ ಅಂಗನವಾಡಿಯನ್ನು ಉಳಿಸಿಕೊಳ್ಳುವುದೇ ಮೊದಲ ಕೆಲಸ. ಜಿಲ್ಲೆಯ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡಕ್ಕೆ ಸೇರಿರುವುದರಿಂದ ಅವರ ಕೇರಿಗಳಿಗೆ 2013ರ ರಾಜ್ಯ ಕಾಯ್ದೆಯಡಿ ಬರುವ ಪರಿಶಿಷ್ಟ ಜಾತಿ–ಪಂಗಡಗಳ ಉಪಯೋಜನೆಯ ಹಣವನ್ನೂ ಕೇಳಬಹುದು; ಕುಣಬಿ ಮತ್ತು ಹಾಲಕ್ಕಿಗಳಿಗೆ ಆ ಬಾಗಿಲು ತೆರೆಯದಿರುವುದರಿಂದ ಅವರ ಊರುಗಳಲ್ಲಿ ಪಂಚಾಯತಿಯ ಸ್ವಂತ ಹಣದ ಮಹತ್ವ ಇನ್ನೂ ಹೆಚ್ಚು.

ಕೇಳುವ ಕಾಲವೂ ಮುಖ್ಯ. ಮುಂದಿನ ವರ್ಷದ ಪಂಚಾಯತಿ ಯೋಜನೆಯ ಸಿದ್ಧತೆ ಅಕ್ಟೋಬರ್ 2ರಿಂದ ಆರಂಭವಾಗುತ್ತದೆ. ನವೆಂಬರ್‌ನಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ವಾರ್ಡ್ ಸಭೆಯಲ್ಲಿ ಹೇಳಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಕ್ರಿಯಾ ಯೋಜನೆಯಲ್ಲಿ ಮೊತ್ತದೊಂದಿಗೆ ಸೇರಿಸದ ಬೇಡಿಕೆ ಮಾರ್ಚ್‌ನಲ್ಲಿ ಯಾರ ನೆನಪಿಗೂ ಬರುವುದಿಲ್ಲ. ಠರಾವಿನಲ್ಲಿ "ಅಂಗನವಾಡಿ ಅಭಿವೃದ್ಧಿ" ಎಂದು ಬರೆಯಬೇಡಿ, ಅದು ಬಣ್ಣ ಬಳಿಯುವುದರಲ್ಲಿ ಮುಗಿಯುತ್ತದೆ. ಎಷ್ಟು ಬೆಳಗು, ಯಾವ ಭಾಷೆಯಲ್ಲಿ ಕಥೆ, ಪ್ರತಿ ಸಲಕ್ಕೆ ಎಷ್ಟು ರೂಪಾಯಿ, ಯಾವ ವಯಸ್ಸಿನವರಿಗೆ ಎಷ್ಟು ಪುಸ್ತಕ ಎಂದು ಬಿಡಿಸಿ ಬರೆಯಿರಿ. ಪುಸ್ತಕಗಳನ್ನು ಮಳೆಗಾಲದಲ್ಲಿ ಗೋಡೆಗೆ ತಾಗದಂತೆ ಮಣೆಯ ಮೇಲೆ, ಮುಚ್ಚಳವಿರುವ ತಗಡಿನ ಟ್ರಂಕಿನಲ್ಲಿ ಇಟ್ಟು, ಬಿಸಿಲು ಬಿದ್ದ ದಿನ ಚಾಪೆಯ ಮೇಲೆ ಹರಡಬೇಕು. ಮಕ್ಕಳ ಕೈಯಲ್ಲಿ ಹರಿದ ಪುಸ್ತಕಕ್ಕೆ ಯಾರಿಂದಲೂ ದಂಡ ವಸೂಲು ಮಾಡತಕ್ಕದ್ದಲ್ಲ, ಟ್ರಂಕಿನ ಬೀಗದಕೈ ಒಂದು ಅಕ್ಕೋರ ಬಳಿ, ಇನ್ನೊಂದು ಸಹಾಯಕಿಯ ಬಳಿ ಇರತಕ್ಕದ್ದು ಎಂಬ ಎರಡು ಸಾಲುಗಳನ್ನು ಅದೇ ಠರಾವಿನಲ್ಲಿ ಸೇರಿಸಿ, ಕೆಳಗೆ ಪಿಡಿಒ ಅವರ ಸಹಿ ಹಾಕಿಸಿಕೊಳ್ಳಿ.